ಲಾಡಿ ಕಂಡ ಒಂಬತ್ತನೆಯವನು

ಬೇಸ್‌ಬಾಲ್ ಮೈದಾನಕ್ಕಿಳಿದ ತಂಡದಲ್ಲಿ ಎಂಟು ಜನ ಒಂದು ಕಡೆ ಮುಖ ಮಾಡಿ ನಿಂತರೆ ಒಬ್ಬ ಮಾತ್ರ ಅವರಿಗೆ ಎದುರಾಗಿ ಕೂರುತ್ತಾನೆ. ಅವನೇ ಕ್ಯಾಚರ್. ಬ್ಯಾಟುಗಾರನ ಹಿಂದೆ ಕುಕ್ಕರಗಾಲಲ್ಲಿ ಕೂತು, ಪಿಚರ್ ಎಸೆದ ಚೆಂಡನ್ನು ಹಿಡಿಯುವುದು ಅವನ ಕೆಲಸ. ಮುಖಕ್ಕೆ ಕಬ್ಬಿಣದ ಜಾಲರಿ, ಎದೆಗೆ ಮೆತ್ತೆ, ಕಾಲಿಗೆ ಕವಚ. ಈ ಸಾಮಾನಿಗೆಲ್ಲ ಆಟಗಾರರೇ 'ದಡ್ಡರ ಸಲಕರಣೆ' ಎಂದು ಹೆಸರಿಟ್ಟಿದ್ದಾರೆ, ಬುದ್ಧಿ ನೆಟ್ಟಗಿರುವವನು ಅಲ್ಲಿ ಹೋಗಿ ಕೂರುವುದಿಲ್ಲ ಎಂದು. ನನ್ನ ಗಂಡ ಲಾಡಿ ಹುಡಾಕ್ ತನ್ನ ಹರೆಯವನ್ನೆಲ್ಲ ಅಲ್ಲೇ ಕೂತು ಕಳೆದ. ಅವನ ಬೆನ್ನ ಹಿಂದೆ, ಬಲೆಯಿಂದ ಈಚೆಗೆ, ಹಲಗೆಯ ಮೇಲೆ ನಾನು ಕೂರುತ್ತಿದ್ದೆ. ಅವನು ನೋಡುವುದನ್ನೇ ನಾನೂ ನೋಡುತ್ತಿದ್ದೆ. ಎದುರಿಗೆ ನನಗೆ ಎಂಟು ಜನ ಕಾಣುತ್ತಿದ್ದರು. ಅವನಿಗೆ ಒಂಬತ್ತು.

ನಾವು ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಸೀಮೆಯ ಟಾರ್ಲೋದವರು. ಊರಿನಲ್ಲಿ ಅರ್ಧಕ್ಕರ್ಧ ಸ್ಲೊವಾಕ್ ಜನ. ಗಂಡಸರಿಗೆ ಗಣಿ, ಹೆಂಗಸರಿಗೆ ಅಂಗಿ ಹೊಲಿಯುವ ಕಾರ್ಖಾನೆ, ಭಾನುವಾರ ಎಲ್ಲರಿಗೂ ಇಗರ್ಜಿ, ಅದು ಮುಗಿದರೆ ಬೇಸ್‌ಬಾಲ್. ಇಲ್ಲಿನ ಗಣಿಯಲ್ಲಿ ಕಲ್ಲಿದ್ದಲ ಪದರ ಸೊಂಟದೆತ್ತರವೂ ಇರುವುದಿಲ್ಲ. ಲಾಡಿಯ ಅಪ್ಪ ಮಿಖಾಲ್ ಇಡೀ ದಿನ ಕುಕ್ಕರಗಾಲಲ್ಲಿ ಕೂತು ಅಗೆದು, ಮನೆಗೆ ಬಂದ ಮೇಲೂ ಅಂಗಳದಲ್ಲಿ ಹಾಗೇ ಕೂತು ಚುಟ್ಟಾ ಸೇದುತ್ತಿದ್ದ. ಮಗನೂ ಅವನನ್ನು ನೋಡಿ ಹಾಗೇ ಕೂರುವುದನ್ನು ಕಲಿತ. ದೊಡ್ಡ ತಂಡವೊಂದರ ಆಟಗಾರರನ್ನು ಆರಿಸುವವನೊಬ್ಬ ಊರಿಗೆ ಬಂದಾಗ ಲಾಡಿ ಹೊಡೆದ ಚೆಂಡುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. "ಇಡೀ ಮಧ್ಯಾಹ್ನ ಕೂತಿದ್ದಾನೆ, ಮಂಡಿ ಒಂದ್ಸಲಾನೂ ಉಜ್ಕೊಂಡಿಲ್ಲವಲ್ಲ ಮಾರಾಯ!" ಎಂದು ಬೆರಗಾಗಿ ಅವನ ಸಹಿ ಹಾಕಿಸಿಕೊಂಡು ಹೋದ.

ಹೀಗೆ ನಮ್ಮ ಅಲೆದಾಟ ಶುರುವಾಯಿತು. ಬೇಸ್‌ಬಾಲ್‌ನಲ್ಲಿ ನೇರವಾಗಿ ದೊಡ್ಡ ಲೀಗ್‌ಗೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ಕೆಳಗಿನ ಸಣ್ಣ ಲೀಗ್‌ಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೇಯಬೇಕು. ಮೊದಲ ಬೇಸಿಗೆ ವರ್ಜೀನಿಯಾದ ಗುಡ್ಡದೊಳಗಿನ ಒಂದು ಊರಿನಲ್ಲಿ. ಆಗಷ್ಟೇ ಮದುವೆಯಾಗಿತ್ತು. ಕೂಲಿಂಗ್ ಇಲ್ಲದ ಬಸ್ಸು, ತಗಣೆ ಇರುವ ಬಾಡಿಗೆ ಕೋಣೆ, ದಿನಾ ಎಲೆಕೋಸು ನೂಡಲ್ಸಿನ ಹಲುಷ್ಕಿ. ನಾನು ಗೊಣಗುತ್ತಿದ್ದೆ, ಆದರೆ ಸುಖವಾಗಿಯೇ ಇದ್ದೆ.

ಅಲ್ಲಿ ಒಂದು ದಿನ ಆಟಕ್ಕೆ ಮುಂಚೆ ಲಾಡಿ ಜೇಬಿನಿಂದ ರೊಟ್ಟಿಯ ಅಂಚಿನ ತುಂಡನ್ನು ತೆಗೆದು, ತಾನು ಕೂರುವ ಜಾಗದ ಹಿಂದೆ ಮಣ್ಣಿನಲ್ಲಿಟ್ಟು ಕಾಲಿನಿಂದ ಮುಚ್ಚಿದ್ದನ್ನು ಕಂಡೆ. ಆಟಗಾರರಿಗೆ ಇಂಥ ಹುಚ್ಚು ನೂರೆಂಟು, ಒಬ್ಬ ಗೆರೆ ತುಳಿಯುವುದಿಲ್ಲ, ಇನ್ನೊಬ್ಬ ಗೆಲ್ಲುವವರೆಗೆ ಕಾಲುಚೀಲ ಒಗೆಯುವುದಿಲ್ಲ. ಆದರೆ ರೊಟ್ಟಿಯ ಅಂಚು ನನಗೆ ಗೊತ್ತಿದ್ದ ವಿಷಯ. ನಮ್ಮ ಗಣಿಯವರು ಬುತ್ತಿ ಉಂಡ ಮೇಲೆ ಕೊನೆಯ ತುಂಡನ್ನು ಕತ್ತಲೆಯಲ್ಲಿ ಬಿಟ್ಟು ಬರುತ್ತಾರೆ. ಅದು ಪೆರ್ಮೊನಿಕ್‌ನ ಪಾಲು. ಅವನು ಗಣಿಯೊಳಗಿರುವ ಭೂತ. ಚಾವಣಿ ಕುಸಿಯುವ ಮುಂಚೆ ಬಡಿದು ಎಚ್ಚರಿಸುತ್ತಾನೆ ಎಂಬುದು ಅಜ್ಜಿಯರ ಮಾತು.

"ಏನೋ ಇದು? ಮೈದಾನದಲ್ಲಿ ಇಲಿ ಸಾಕ್ತಿದೀಯಾ?" ಎಂದು ಊಟಕ್ಕೆ ಕೂತಾಗ ಛೇಡಿಸಿದೆ.

ಅವನು ನಗಲಿಲ್ಲ. "ಪೌಲಿ, ಇವತ್ತು ಎದುರಿಗೆ ಎಷ್ಟು ಜನ ಇದ್ರು?"

"ಎಂಟು. ಯಾಕೆ?"

"ನಂಗೆ ಒಂಬತ್ತು ಕಂಡ್ರು ಕಣೇ."

ಬಲಗಡೆಯ ಬೇಲಿಯ ಹತ್ತಿರ ಒಬ್ಬ ನಿಂತಿದ್ದನಂತೆ. ಗಣಿಯವರ ಟೋಪಿ, ಹಣೆಯ ಮೇಲೆ ದೀಪ, ಮುಖವೆಲ್ಲ ಮಸಿ. ಹಾಡಹಗಲಲ್ಲೂ ದೀಪ ಉರಿಯುತ್ತಿತ್ತು. ಅವನು ನಿಂತ ಕಡೆ ಹುಲ್ಲು ಬಾಗಿರಲಿಲ್ಲ. ಬ್ಯಾಟುಗಾರ ಹೊಡೆಯುವ ಮುಂಚೆಯೇ ಅವನು ನಿಧಾನ ನಡೆದು ಒಂದು ಕಡೆ ನಿಲ್ಲುತ್ತಿದ್ದ. ಹೊಡೆದ ಚೆಂಡು ಅಲ್ಲಿಗೇ ಬಂದು ಬೀಳುತ್ತಿತ್ತು.

ಲಾಡಿಯ ಅಪ್ಪನಿಗೂ ಒಮ್ಮೆ ಅವನು ಕಂಡಿದ್ದನಂತೆ. ಗಣಿಯ ಒಂದು ಮೂಲೆಯಲ್ಲಿ ಇಬ್ಬರು ಬುತ್ತಿ ಬಿಚ್ಚಿ ಕೂತಿದ್ದಾಗ ಅವರ ಮುಂದೆ ದೀಪ ಹೊತ್ತವನೊಬ್ಬ ನಿಂತದ್ದನ್ನು ಮಿಖಾಲ್ ನೋಡಿದ. ಹೇಳಿದರೆ ಆಡಿಕೊಂಡು ನಗುತ್ತಾರೆ ಎಂದು ಬಾಯಿ ಮುಚ್ಚಿಕೊಂಡು, ತಾನು ಮಾತ್ರ ದೂರ ಹೋಗಿ ಕೂತ. ಚಾವಣಿ ಆ ಇಬ್ಬರ ಮೇಲೆ ಬಿತ್ತು. ಆಮೇಲೆ ಅವನು ಮನೆಯಲ್ಲೂ ಮಾತು ನಿಲ್ಲಿಸಿದ. ಸಾಯುವ ಮುಂಚೆ ಮಗನಿಗೊಬ್ಬನಿಗೇ ಇದನ್ನು ಹೇಳಿದ್ದ.

ಕೇಳಿ ನನಗೆ ಭಯವಾಯಿತು. ಆದರೂ ಹೊಟ್ಟೆಪಾಡು ನೋಡಿ, ನಾಲಿಗೆ ಸುಮ್ಮನಿರಲಿಲ್ಲ. "ಬಂದವನು ಸುಮ್ನೆ ಯಾಕೆ ನಿಲ್ತಾನೆ? ಅವನು ನಿಂತ ಕಡೆ ನಿಮ್ಮವರನ್ನ ನಿಲ್ಸು" ಎಂದುಬಿಟ್ಟೆ.

ಲಾಡಿ ಹಾಗೇ ಮಾಡಿದ. ಕ್ಯಾಚರ್ ಕೈಬೀಸಿ ಆಟಗಾರರನ್ನು ಆಚೀಚೆ ಸರಿಸುವುದು ಪದ್ಧತಿಯೇ, ಯಾರಿಗೂ ವಿಚಿತ್ರವೆನಿಸಲಿಲ್ಲ. ಅವನು ನಿಲ್ಲಿಸಿದ ಕಡೆ ಚೆಂಡು ಬರತೊಡಗಿತು. ಹುಡಾಕ್‌ಗೆ ಬ್ಯಾಟುಗಾರನ ಮನಸ್ಸು ಓದಲು ಬರುತ್ತದೆ ಎಂದು ಹೆಸರಾಯಿತು. ತಾನು ಹೊಡೆಯುವುದರಲ್ಲಿ ಅವನು ಅಷ್ಟಕ್ಕಷ್ಟೇ, ಆದ್ದರಿಂದ ಏರುವುದಕ್ಕೆ ವರ್ಷಗಳೇ ಹಿಡಿದವು. ಕ್ಯಾರೊಲಿನಾ, ಟೆನೆಸಿ, ಆಮೇಲೆ ದೊಡ್ಡ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿನ ಓಹಾಯೊ. ಚೆಂಡು ಬಡಿದು ಬಡಿದು ಬಲಗೈ ಬೆರಳುಗಳು ಶುಂಠಿಯ ಬೇರಿನಂತಾದವು. ಚಳಿಗಾಲದಲ್ಲಿ ಊರಿಗೆ ಬಂದು ಅವನು ಕಲ್ಲಿದ್ದಲ ಲಾರಿ ಓಡಿಸಿದ, ನಾನು ಅಂಗಿಗೆ ಕಾಲರ್ ಹೊಲಿದೆ.

ಬೇರೆ ಹೆಂಡತಿಯರು ಗಂಡ ಎಷ್ಟು ಹೊಡೆದ ಎಂದು ಕೇಳುತ್ತಿದ್ದರು. "ಇವತ್ತು ಎಲ್ಲಿದ್ದ?" ಎಂಬುದು ನನ್ನ ಪ್ರಶ್ನೆ. ಅವನ ಉತ್ತರ ವರ್ಷದಿಂದ ವರ್ಷಕ್ಕೆ ನನ್ನನ್ನು ಹೆದರಿಸತೊಡಗಿತು. ವರ್ಜೀನಿಯಾದಲ್ಲಿ ಬೇಲಿಯ ಹತ್ತಿರ ಇದ್ದವನು ಟೆನೆಸಿಯಲ್ಲಿ ಮೈದಾನದ ನಡುವಿನ ಎರಡನೇ ಬೇಸ್‌ವರೆಗೆ ಬಂದ. ಓಹಾಯೊದಲ್ಲಿ ಇನ್ನೂ ಈಚೆಗೆ, ಪಿಚರ್ ನಿಂತು ಎಸೆಯುವ ದಿಬ್ಬದ ಬುಡಕ್ಕೆ.

"ಅವನ ಕಣ್ಣು ಕಾಣುತ್ತೆ ಈಗ" ಎಂದ ಲಾಡಿ ಒಂದು ದಿನ, ಬೋರ್ಶ್ಟ್ ಸಾರು ಕುಡಿಯುತ್ತ.

"ಹೇಗಿದೆ?"

"ಬೇಜಾರು ಮಾಡ್ಕೊಂಡಿರೋ ಹಾಗೆ."

ಮೂವತ್ತು ದಾಟಿದ ಮೇಲೆ, ಆಸೆ ಬಿಟ್ಟು ಕೂತಿದ್ದಾಗ, ದೊಡ್ಡ ಲೀಗ್‌ನಿಂದ ಕರೆ ಬಂತು. ಅವರ ಕ್ಯಾಚರ್‌ನ ಹೆಬ್ಬೆರಳು ಮುರಿದಿತ್ತು. ನಾನು ಕೋಣೆಯ ತುಂಬ ಕುಣಿದೆ. ಲಾಡಿ ತನ್ನ ಚರ್ಮದ ಕೈಗವಸಿಗೆ ಎಣ್ಣೆ ತಿಕ್ಕುತ್ತ ಅಳುತ್ತಿದ್ದ. ಚೆನ್ನಾಗಿ ಆಡಿದರೆ ಮುಂದಿನ ವರ್ಷವೂ ಇಟ್ಟುಕೊಳ್ಳುತ್ತೇವೆ ಎಂದು ತಂಡದ ಮ್ಯಾನೇಜರ್ ಹೇಳಿದ್ದ.

ಅವನು ಚೆನ್ನಾಗಿಯೇ ಆಡಿದ, ಒಂದು ವಾರ. ಆಮೇಲೆ ಆ ಶನಿವಾರ ಬಂತು. ಕಣ್ಣು ಕುಕ್ಕುವ ಬಿಸಿಲಿನ ಮಧ್ಯಾಹ್ನ, ಎರಡೂ ತಂಡ ಸರಿಸಮ, ಕೊನೆಯ ಸರದಿ, ಎದುರಾಳಿಗಳು ಮೂರೂ ಬೇಸ್‌ನಲ್ಲಿ ನಿಂತಿದ್ದಾರೆ. ಅವರಲ್ಲೊಬ್ಬ 'ಮನೆ', ಅಂದರೆ ಲಾಡಿಯ ಮುಂದಿನ ಕೊನೆಯ ಬೇಸ್, ಮುಟ್ಟಿದರೆ ನಾವು ಸೋತಂತೆ. ನಮ್ಮ ಪಿಚರ್ ಡ್ವೇನ್ ಪ್ರುಯಿಟ್ ಎಂಬ ಎಳೆಯ ಹುಡುಗ, ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಲಾಡಿ ಇದ್ದಕ್ಕಿದ್ದಂತೆ ಎದ್ದು ನಿಂತು ಆಟ ನಿಲ್ಲಿಸಿ ದಿಬ್ಬಕ್ಕೆ ಹೋದ. ವಾಪಸು ಬಂದು ಕೂತ. ಮತ್ತೆ ಎದ್ದು ಹೋದ. ಜನ ಕೂಗತೊಡಗಿದರು. ನನಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಅಂಗಿ ಒದ್ದೆಯಾಗಿ ಅಂಟಿಕೊಂಡಿತ್ತು.

ಆಗ ಅವನಿಗೆ ಏನು ಕಂಡಿತ್ತೆಂಬುದನ್ನು ಆಮೇಲೆ ಹೇಳಿದ. ದೀಪದವನು ದಿಬ್ಬ ಹತ್ತಿ ಪ್ರುಯಿಟ್‌ನ ಮುಂದೆ ಮೂಗಿಗೆ ಮೂಗು ತಾಗುವಂತೆ ನಿಂತಿದ್ದ. ದೀಪದ ಬೆಳಕು ಹುಡುಗನ ಹಣೆಯ ಮೇಲೆ ಬಿದ್ದಿತ್ತು. ಲಾಡಿ ಹೋಗಿ, "ಚೆಂಡನ್ನ ದೂರ ಎಸಿ ಮಗಾ, ಅವನ ಬ್ಯಾಟಿಗೆ ಸಿಗಬಾರದು" ಎಂದ. "ದೂರ ಎಸೆದ್ರೆ ಪುಕ್ಕಟೆ ಬೇಸ್ ಕೊಟ್ಟು ಸೋಲ್ತೀವಲ್ಲ ಅಣ್ಣಾ, ತಲೆ ಕೆಟ್ಟಿದೆಯಾ?" ಎಂದ ಹುಡುಗ. ದೀಪದವನು ಕದಲಲಿಲ್ಲ. ಎರಡನೇ ಸಲ ಹೋದಾಗ ಮ್ಯಾನೇಜರ್ ಹೊರಗಿನಿಂದಲೇ ಅರಚಿದ: "ಹುಡಾಕ್, ಕೂರ್ತೀಯೋ, ಇಲ್ಲ ಊರಿಗೆ ಟಿಕೆಟ್ ತೆಗೀಲೋ?"

ಲಾಡಿ ಕೂತ. ಪ್ರುಯಿಟ್ ಎಸೆದ. ಚೆಂಡು ನೇರ ನಡುವಿಗೆ ಬಂತು, ಬ್ಯಾಟುಗಾರ ಮೈಯೆಲ್ಲ ಸೇರಿಸಿ ಬೀಸಿದ. ಅಷ್ಟರಲ್ಲಿ ನನ್ನ ಗಂಡ ತನ್ನ ಎಡಗೈಯನ್ನು ಮುಂದೆ ಚಾಚಿ ಆ ಬ್ಯಾಟಿಗೆ ಅಡ್ಡ ಇಟ್ಟ.

ಆ ಸದ್ದು ಬಲೆಯ ಈಚೆಗೂ ಕೇಳಿಸಿತು, ಒಣ ಸೌದೆ ಮುರಿದ ಹಾಗೆ. ಕ್ಯಾಚರ್‌ನ ಕೈ ಬ್ಯಾಟಿಗೆ ತಾಗಿದರೆ ಬ್ಯಾಟುಗಾರನಿಗೆ ಬೇಸ್ ಪುಕ್ಕಟೆ. ಮೂರೂ ಬೇಸ್ ತುಂಬಿದ್ದರಿಂದ ಎಲ್ಲರೂ ಒಂದೊಂದು ಬೇಸ್ ಮುಂದೆ ಸರಿದು, ಮೂರನೆಯದರಲ್ಲಿದ್ದವನು ನಡೆದುಕೊಂಡೇ ಮನೆ ಮುಟ್ಟಿದ. ಹೊಸದಾಗಿ ಕಲಿಯುವವನು ಮಾಡುವ ತಪ್ಪು ಅದು, ಅದರಿಂದಲೇ ಆಟ ಹೋಯಿತು. ಪ್ರುಯಿಟ್ ಕೈಗವಸನ್ನು ನೆಲಕ್ಕೆ ಎಸೆದು, ನೋವಿಗೆ ಮಣ್ಣಿನಲ್ಲಿ ಹೊರಳುತ್ತಿದ್ದವನ ಕಡೆ ತಿರುಗಿಯೂ ನೋಡದೆ ಒಳಗೆ ನಡೆದ.

ಎಡಗೈ ಮತ್ತೆ ನೆಟ್ಟಗಾಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಟಾರ್ಲೋಗೆ ವಾಪಸಾದೆವು. ಲಾಡಿ ಶಾಲೆಯ ಬಸ್ಸು ಓಡಿಸಿದ. ಹೆಂಡದಂಗಡಿಯಲ್ಲಿ ಅವನ ಗೆಳೆಯ ಆಂದ್ರೆಯ್ ಬರುಬರುತ್ತಲೇ ಶುರುಮಾಡುತ್ತಿದ್ದ: "ಎಲ್ಲರೂ ಚೆಂಡು ಹಿಡೀತಾರೆ, ನಮ್ ಲಾಡಿ ಬ್ಯಾಟ್‌ನೇ ಹಿಡಿಯೋಕೆ ಹೋದ!" ಲಾಡಿ ನಕ್ಕು ತನ್ನ ಬಿಯರ್ ಕುಡಿದು ಎದ್ದು ಬರುತ್ತಿದ್ದ. ಆ ಶನಿವಾರದ ನಂತರ ಅವನಿಗೆ ಒಂಬತ್ತನೆಯವನು ಕಾಣಲೇ ಇಲ್ಲ. ಪ್ರುಯಿಟ್ ಬಹಳ ವರ್ಷ ಆಡಿದ, ಹೆಸರು ಮಾಡಿದ, ಟಿವಿಯಲ್ಲಿ ಮಕ್ಕಳನ್ನು ಹೆಗಲ ಮೇಲೆ ಹೊತ್ತುಕೊಂಡು ನಿಲ್ಲುತ್ತಿದ್ದ. ಅವನು ಕಂಡಾಗೆಲ್ಲ ಲಾಡಿ ಕುರ್ಚಿ ಎಳೆದುಕೊಂಡು ಹತ್ತಿರ ಕೂರುತ್ತಿದ್ದ.

ನನ್ನ ಎದೆಯೊಳಗೆ ಒಂದು ಮುಳ್ಳು ಉಳಿದುಕೊಂಡಿತ್ತು. ಆಗಿದ್ದಕ್ಕಾದರೆ ಸಾಕ್ಷಿ ಇರುತ್ತದೆ, ಆಗದೇ ಹೋದದ್ದಕ್ಕೆ ಎಲ್ಲಿಂದ ತರುವುದು? ಚೆಂಡು ಆ ಹುಡುಗನ ಹಣೆಗೆ ಬಡಿಯುತ್ತಿತ್ತು ಎಂದು ಹೇಳುವವರು ಯಾರು? ಅಪ್ಪನ ಕತೆ ತಲೆಗೇರಿ ನನ್ನ ಗಂಡ ಇಲ್ಲದ್ದನ್ನು ಕಂಡು, ಇದ್ದೊಂದು ಬಾಳನ್ನು ಮಣ್ಣುಪಾಲು ಮಾಡಿಕೊಂಡನೇ? ಅವನಿಗೂ ಅದೇ ಕೊರಗಿತ್ತು.

"ನಿಜವಾಗ್ಲೂ ಇದ್ನಾ ಅವನು?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಇದ್ದ ಅನ್ಕೊಂಡಿದೀನಿ ಕಣೇ" ಎಂದು ತನ್ನ ಸೊಟ್ಟ ಕೈಯನ್ನು ನೋಡಿಕೊಂಡ. "ಇಲ್ದಿದ್ರೆ ಆಂದ್ರೆಯ್ ಹೇಳೋದೇ ಸರಿ ಆಗುತ್ತಲ್ಲ."

ನಮಗೆ ವಯಸ್ಸಾಯಿತು. ಗಣಿ ಮುಚ್ಚಿತು, ಕಾರ್ಖಾನೆ ಮುಚ್ಚಿತು, ಭಾನುವಾರದ ಆಟ ಮಾತ್ರ ಉಳಿಯಿತು. ಹೋದ ಬೇಸಿಗೆಯಲ್ಲಿ ಅಗ್ನಿಶಾಮಕದವರಿಗೂ ಇಗರ್ಜಿಯವರಿಗೂ ಪಂದ್ಯ. ನಾವಿಬ್ಬರೂ ಬಲೆಯ ಹಿಂದೆ ಹಳೆಯ ಹಲಗೆಯ ಮೇಲೆ ಕೂತಿದ್ದೆವು. ಲಾಡಿ ಮಡಿಲಲ್ಲಿ ರೊಟ್ಟಿ, ಕೊಲ್ಬಾಸಿ ಸಾಸೇಜ್ ಬಿಚ್ಚುತ್ತಿದ್ದ. ನಾನು ಹಳೆಯ ಚಾಳಿಯಂತೆ ಎಣಿಸಿದೆ. ಕ್ಯಾಚರ್ ಹುಡುಗನ ಬೆನ್ನು ಬಿಟ್ಟು ಎದುರಿಗೆ ಎಂಟು ಜನ ಇರಬೇಕಿತ್ತು.

ಮತ್ತೆ ಎಣಿಸಿದೆ. ಕನ್ನಡಕ ಒರೆಸಿ ಇನ್ನೊಮ್ಮೆ ಎಣಿಸಿದೆ.

ಬಲಗಡೆಯ ಬೇಲಿಯ ಹತ್ತಿರ ದೀಪದ ಟೋಪಿಯವನೊಬ್ಬ ನಿಂತಿದ್ದ. ಸುಡುಬಿಸಿಲಲ್ಲಿ ಹಣೆಯ ಮೇಲೆ ಹಳದಿ ಬೆಳಕು. ಅವನು ನಡೆಯತೊಡಗಿದ. ಎರಡನೇ ಬೇಸ್ ದಾಟಿದ, ದಿಬ್ಬ ದಾಟಿದ, ಆಟಗಾರರ ನಡುವೆ ಬಂದರೂ ಯಾರೂ ತಲೆ ಎತ್ತಲಿಲ್ಲ. ಬಲೆಯೊಳಗಿಂದ ತೂರಿ ಈಚೆ ಬಂದ. ಅವನು ನನ್ನ ಕಡೆ ನೋಡಲಿಲ್ಲ. ಲಾಡಿಯ ಮುಂದೆ ಮೂಗಿಗೆ ಮೂಗು ತಾಗುವಂತೆ ಬಗ್ಗಿ ನಿಂತ. ಆ ಬೆಳಕು ನನ್ನ ಗಂಡನ ಬೋಳು ಹಣೆಯ ಮೇಲೆ ಬಿತ್ತು. ಲಾಡಿ ಕೊಲ್ಬಾಸಿಯ ಸಿಪ್ಪೆ ಸುಲಿಯುತ್ತಲೇ ಇದ್ದ.

ನಾನು ಅವನ ಕಾಲರ್ ಹಿಡಿದು ಜಗ್ಗಿದೆ. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದೆವು. "ಅಯ್ಯೋ ಪೌಲಿ, ಏನಾಯ್ತೇ ನಿಂಗೆ!" ಎಂದು ಅವನು ಕೂಗುವಷ್ಟರಲ್ಲಿ ಬ್ಯಾಟಿನ ಸದ್ದಾಯಿತು. ದಿಕ್ಕು ತಪ್ಪಿದ ಚೆಂಡು ಬಲೆ ಹರಿದ ಜಾಗದಲ್ಲಿ ನುಗ್ಗಿ, ಅವನ ತಲೆಯಿದ್ದ ಕಡೆಯಿಂದಲೇ ಹಾದು, ಹಿಂದಿನ ಹಲಗೆಗೆ ಬಡಿಯಿತು. ಹಲಗೆ ಸೀಳಿತು. ಜನ ಓಡಿಬಂದರು. ಆಂದ್ರೆಯ್, "ಈ ವಯಸ್ಸಲ್ಲಿ ಇದೇನ್ರೋ ಸರಸ!" ಎನ್ನುತ್ತಾ ಬಂದವನು ಸೀಳಿದ ಹಲಗೆ ನೋಡಿ ಬಾಯಿ ಮುಚ್ಚಿದ.

ಲಾಡಿ ಚೆಂಡನ್ನು ನೋಡಿದ, ಹಲಗೆಯನ್ನು ನೋಡಿದ, ಕೊನೆಗೆ ನನ್ನನ್ನು.

"ಪೌಲಿ," ಎಂದ ಮೆಲ್ಲಗೆ, "ಎದುರಿಗೆ ಎಷ್ಟು ಜನ?"

ನಾನು ಮೈದಾನದ ಕಡೆ ತಿರುಗಿದೆ. ದೀಪದವನು ವಾಪಸು ನಡೆದುಹೋಗಿ ಬೇಲಿಯ ಹತ್ತಿರ ನಿಂತು, ಈಗ ನನ್ನನ್ನೇ ನೋಡುತ್ತಿದ್ದ.

"ಒಂಬತ್ತು" ಎಂದೆ.

ನನ್ನ ಗಂಡ ಅಷ್ಟು ಜನರ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ನಾನೂ ಅತ್ತೆ. ನನಗೆ ಸಂತೋಷವೂ ಇತ್ತು, ಹೆದರಿಕೆಯೂ ಇತ್ತು. ಆಮೇಲೆ ಅವನು ಕಣ್ಣೊರೆಸಿಕೊಂಡು, ಸೊಟ್ಟ ಕೈಯಿಂದ ರೊಟ್ಟಿಯ ಅಂಚನ್ನು ಮುರಿದು ನನ್ನ ಅಂಗೈಯಲ್ಲಿಟ್ಟ. ನಾನು ಎದ್ದು ಹೋಗಿ ಬಲೆಯ ಬುಡದ ಮಣ್ಣಿನಲ್ಲಿ ಅದನ್ನಿಟ್ಟು ಕಾಲಿನಿಂದ ಮುಚ್ಚಿದೆ.