ಕೊಲ್ಲದೆ ಹಿಡಿಯುತ್ತಿದ್ದ ಕೆಂಚಿ

ಕಾಯಿಸಿದ ಕುಸುಬಿ ಎಣ್ಣೆಯ ವಾಸನೆಯನ್ನು ಪರಿಮಳ ಎಂದರೆ ಯಾರೂ ಒಪ್ಪಲಿಕ್ಕಿಲ್ಲ; ನಾನೂ ಒಪ್ಪುವುದಿಲ್ಲ. ತುಸು ಕಹಿ, ತುಸು ಒಣಹುಲ್ಲು, ಕೊನೆಗೆ ಒಂದೆಳೆ ಹೊಗೆ, ಅಷ್ಟೇ. ಆದರೆ ಮೊನ್ನೆ ಗದುಗಿನ ನನ್ನ ಬಾಡಿಗೆ ಕೋಣೆಯ ಕೆಳಗಿನವರು ಒಗ್ಗರಣೆಗೆ ಅದನ್ನು ಕಾಯಿಸಿದಾಗ, ಓದುತ್ತಿದ್ದ ಪುಟ ಅಲ್ಲೇ ನಿಂತುಹೋಯಿತು. ಬೆಳವಣಕಿಯ ನಮ್ಮ ಮಣ್ಣಿನ ಮಾಳಿಗೆಯ ಮನೆ, ಬೆಳಕಿಂಡಿಯಿಂದ ಪಡಸಾಲೆಗೆ ಇಳಿಯುತ್ತಿದ್ದ ಬಿಸಿಲುಕೋಲು, ಆ ಬಿಸಿಲಿನಲ್ಲಿ ನಾಲ್ಕೂ ಕಾಲು ಚಾಚಿ ಮಲಗಿದ ಕೆಂಚಿ, ಅವಳ ಅಂಗಾಲಿಗೆ ಬೆಚ್ಚಗಿನ ಎಣ್ಣೆ ತಿಕ್ಕುತ್ತ ಕೂತ ಯಲ್ಲಪ್ಪ ಕಾಕಾ. ಜೋಳ ಕೊಯ್ದ ಹೊಲದಲ್ಲಿ ಉಳಿಯುವ ಕೂಳೆ ಸೂಜಿಯಷ್ಟು ಚೂಪು; ಅದರ ಮೇಲೆ ಮೊಲದ ಹಿಂದೆ ಓಡುವ ನಾಯಿಗೆ ಅಂಗಾಲೇ ಆಸ್ತಿ. ಕೆಂಚಿ ಬೇಟೆನಾಯಿ. ಉದ್ದ ಮೂತಿ, ಒಳಗೆ ಸೇದಿಹೋದ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು. ಬಂದ ನೆಂಟರು ಇದಕ್ಕೆ ಕೂಳು ಹಾಕುವುದಿಲ್ಲವೇ ಎಂದು ಕೇಳಿದರೆ, ನಿಮಗೆ ಹಾಕಿದ ಮೇಲೆ ಉಳಿದರೆ ಹಾಕುತ್ತೇವೆ ಎಂದು ಕಾಕಾ ತಣ್ಣಗೆ ಹೇಳುತ್ತಿದ್ದ. ಇಂಥದೊಂದು ಮನೆ ನಿಮಗೂ ಇದ್ದೀತು. ಯಾವ ವಾಸನೆಗೆ ಅದರ ಬಾಗಿಲು ತೆರೆಯುತ್ತದೆ ಎಂಬುದು ನಿಮಗೇ ಗೊತ್ತು. ನನ್ನದು ತೆರೆದಾಗಲೆಲ್ಲ ಒಂದೇ ಪ್ರಶ್ನೆ ಹೊಸ್ತಿಲಲ್ಲಿ ನಿಂತಿರುತ್ತದೆ: ಒಂಬತ್ತನೆಯ ವಯಸ್ಸಿನಲ್ಲಿ ನಾನು ಗೆದ್ದ ಒಂದು ವಾದದಿಂದಲೇ ಕೆಂಚಿ ಬೇಟೆ ಬಿಟ್ಟಳೇ?

ಸುಗ್ಗಿ ಮುಗಿದು ಹೊಲಗಳು ಬಯಲಾದ ಮೇಲೆ ನಮ್ಮ ಬೇಟೆಯ ಕಾಲ. ನಸುಕಿನಲ್ಲಿ ಹೊರಡುತ್ತಿದ್ದೆವು: ಕಾಕಾ, ಕೆಂಚಿ, ನಾನು, ಜೊತೆಗೆ ಮೌಲಾಸಾಬ. ಅರಳೆ ಹಿಂಜಿ ಗಾದಿ ಹೊಲಿಯುವ ಮೌಲಾಸಾಬರನ್ನು ನಾನು ಮಾಮಾ ಎನ್ನುತ್ತಿದ್ದೆ. ಅವರ ಹುಬ್ಬಿನಲ್ಲಿ ಸದಾ ಒಂದಿಷ್ಟು ಹತ್ತಿ ಕೂತಿರುತ್ತಿದ್ದರಿಂದ ಅವರಿಗೆ ಮುಪ್ಪು ಯಾವಾಗ ಬಂತೆಂದು ನಮಗೆ ತಿಳಿಯಲೇ ಇಲ್ಲ. ಒಡ್ಡಿನುದ್ದಕ್ಕೂ ಕತ್ತಾಳೆ, ಜಾಲಿ ಹೆಣೆದುಕೊಂಡ ಬೇಲಿ; ಅದರ ಬುಡದಲ್ಲಿ ಮೈಯಗಲ ಮಣ್ಣು ತಗ್ಗುಮಾಡಿಕೊಂಡು ಮೊಲ ಮಲಗಿರುತ್ತಿತ್ತು. ಮಾಮಾ ಉದ್ದ ಕೋಲಿನಿಂದ ಬೇಲಿ ತಟ್ಟುತ್ತ ಬರುವರು. ಮಂಜಿನಲ್ಲಿ ಆ ಸದ್ದು ಹತ್ತಿರವೋ ದೂರವೋ ತಿಳಿಯದು. ಇದ್ದಕ್ಕಿದ್ದಂತೆ ಮಣ್ಣಿನ ಹೆಂಟೆಯೇ ಎದ್ದು ಓಡಿದಂತಾಗುವುದು, ಕಾಕಾನ ಕೈಯಲ್ಲಿದ್ದ ಹಗ್ಗ ಸಡಿಲಾಗುವುದು. ಆಮೇಲೆ ಕರಿಮಣ್ಣಿನ ಮೇಲೆ ಎರಡು ಗೆರೆಗಳು, ಒಂದು ಬೂದು, ಒಂದು ಕೆಂಪು. ಇದು ಕಾನೂನಿಗೆ ವಿರುದ್ಧವೆಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರಿಗೆ ಪಾಲು ಹೋಗುತ್ತಿತ್ತು.

ಕೆಂಚಿ ಮೊಲವನ್ನು ಕೊಲ್ಲುತ್ತಿರಲಿಲ್ಲ, ಜೀವಂತ ತರುತ್ತಿದ್ದಳು. ಸತ್ತ ಮೊಲ ಮಾಮಾನ ಮನೆಯಲ್ಲಿ ನಡೆಯದು. ಅವರೇ ದೇವರ ಹೆಸರು ಹೇಳಿ ಚಾಕು ಹಾಕಬೇಕು. ಮಾಮಾ ಉಣ್ಣದ್ದನ್ನು ಕಾಕಾನೂ ಉಣ್ಣುತ್ತಿರಲಿಲ್ಲ. ಹಾಗಾಗಿ ಕೆಂಚಿ ಮರಿಯಿದ್ದಾಗಲೇ ಇಬ್ಬರೂ ಸೇರಿ ಪಾಠ ಮಾಡಿದ್ದರಂತೆ: ಹಿಂಜಿದ ಅರಳೆಯಲ್ಲಿ ಕೋಳಿಮೊಟ್ಟೆ ಸುತ್ತಿ ಬಾಯಿಗೆ ಕೊಡುವುದು, ಮಾಮಾನ ಮನೆಯಿಂದ ನಮ್ಮ ಮನೆಗೆ ತರಿಸುವುದು. ಒಡೆಯದೆ ತಂದರೆ ಮೊಟ್ಟೆ ಅವಳಿಗೆ, ಒಡೆದರೆ ಆ ಹೊತ್ತು ಉಪವಾಸ. ಎರಡು ಮನೆಗಳು ಒಂದೇ ಪಾತ್ರೆಯ ಸಾರು ಹಂಚಿಕೊಳ್ಳುತ್ತಿದ್ದುದು ಆ ನಾಯಿಯ ಹಲ್ಲಿನ ಎಚ್ಚರದಿಂದ.

ಆ ವರ್ಷ ನಾನು ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದುತ್ತಿದ್ದೆ. ಎದುರಿನವರ ಮಾತಿನಲ್ಲಿ ತೂತು ಹುಡುಕುವುದನ್ನು ಆಗಷ್ಟೇ ಕಲಿತಿದ್ದೆ. ಕಲಿಸಿದವನು ಕಾಕಾನೇ, ಉತ್ತರ ಇದ್ದರೆ ಕೊಡಬೇಕು, ಇಲ್ಲವಾದರೆ ಒಪ್ಪಬೇಕು ಎಂಬುದು ಅವನ ಕಟ್ಟಳೆ. ಒಂದು ಮುಂಜಾನೆ ಕೆಂಚಿ ತಂದ ಮೊಲವನ್ನು ಮಾಮಾ ಕಿವಿ ಹಿಡಿದು ಎತ್ತಿದರು. ಎಳೆಬಿಸಿಲು ಆ ಕಿವಿಯೊಳಗಿಂದ ಹಾಯ್ದು ನರಗಳೆಲ್ಲ ಎಲೆಯ ಗೆರೆಗಳಂತೆ ಕಂಡವು. ಮೈಮೇಲೆ ಒಂದು ಗಾಯವಿರಲಿಲ್ಲ.

"ಕಾಕಾ, ಕೆಂಚಿ ಇದನ್ನ ಕೊಂದಿಲ್ಲಲ?" ಎಂದೆ.

"ಇಲ್ಲವ್ವ."

"ನೀನೂ ಕೊಲ್ಲಂಗಿಲ್ಲ."

"ನಾ ಯಾಕ ಕೊಲ್ಲಲಿ. ಚಾಕು ಮೌಲಾನ ಕಡೆ ಐತಿ."

"ಮಾಮಾ, ಕಾಕಾ ಹೇಳಲಿಲ್ಲಂದ್ರ ನೀವು ಕೊಲ್ಲತೀರೇನ್ರಿ?"

"ನಾಯಿ ಅವಂದು, ಮೊಲಾನೂ ಅವಂದ. ಅಂವ ಹೇಳಲಾರದ ನಾ ಹ್ಯಾಂಗ ಮುಟ್ಟಲಿ."

"ಹಂಗಾರ ಇದನ್ನ ಕೊಲ್ಲಬೇಕು ಅನ್ನಾವ್ರು ಇಲ್ಲಿ ಯಾರೂ ಇಲ್ಲ. ಬಿಡ್ರಿ."

ಮಾಮಾ ನಕ್ಕರು. "ಯಲ್ಲಪ್ಪ, ಈಕಿಗೆ ಇನ್ನ ಕಲಸಬ್ಯಾಡ. ಎರಡೂ ಮನಿ ಒಲಿ ಆರಸ್ತಾಳ."

ಕಾಕಾ ಬಹಳ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಬಿಡು ಎಂದ. ಮಾಮಾನ ನಗು ನಿಂತಿತು. ಬಿಡುವುದಾದರೆ ಕೆಂಚಿಯನ್ನು ದೂರ ಕರೆದುಕೊಂಡು ಹೋಗು, ತಾನು ಹಿಡಿದದ್ದನ್ನು ಕಣ್ಣೆದುರೇ ಬಿಟ್ಟರೆ ನಾಯಿಯ ಮನಸ್ಸು ಮುರಿಯುತ್ತದೆ ಎಂದರು. ನಾಯಿಗೆ ಅದೆಲ್ಲ ಎಲ್ಲಿ ತಿಳಿಯುತ್ತದೆ, ಪುರಾವೆ ಏನು ಎಂದು ನಾನು ಅದಕ್ಕೂ ವಾದ ಹೂಡಿದೆ. ಕೆಂಚಿಯ ಕಣ್ಣೆದುರೇ ಮೊಲ ನೆಲಕ್ಕೆ ಬಿತ್ತು, ಒಂದು ಗಳಿಗೆ ತನ್ನ ಕಾಲುಗಳನ್ನೇ ನಂಬದೆ ಕೂತಿತು, ಮತ್ತೆ ಬೇಲಿಯೊಳಗೆ ಕರಗಿಹೋಯಿತು. ಕೆಂಚಿ ಬೆನ್ನಟ್ಟಲಿಲ್ಲ. ಬೇಲಿಯನ್ನು ನೋಡಿದಳು, ಕಾಕಾನನ್ನು ನೋಡಿದಳು, ಬಾಲ ಅಲುಗಿಸಲಿಲ್ಲ.

ಮುಂದಿನ ವಾರ ಮೊಲ ಎದ್ದಾಗ ಅವಳು ಎಂದಿನಂತೆಯೇ ಓಡಿದಳು. ಹತ್ತಿರವಾದಳು, ಸಮಕ್ಕೆ ಬಂದಳು, ಬಾಯಿ ಮಾತ್ರ ಹಾಕಲಿಲ್ಲ. ಇಡೀ ಹೊಲದಗಲ ಮೊಲ ಮತ್ತು ನಾಯಿ ಜೋಡಿಯಾಗಿ ಓಡಿದವು, ಒಂದೇ ಕನಸನ್ನು ಇಬ್ಬರು ಕಂಡಂತೆ. ಬೇಲಿ ಬಂದಲ್ಲಿ ಮೊಲ ಒಳಗೆ ಹೋಯಿತು, ಕೆಂಚಿ ತಿರುಗಿ ಬಂದಳು. ನಾವು ಮೂವರೂ ಒಡ್ಡಿನ ಮೇಲೆ ನಿಂತು ನೋಡಿದೆವು. ನಾನು ಅಂಥ ಚೆಂದವನ್ನು ಆಮೇಲೆ ಎಲ್ಲಿಯೂ ನೋಡಿಲ್ಲ. ಮುಂದೆ ಪ್ರತಿ ಸಲವೂ ಹಾಗೆಯೇ ಆಯಿತು. ವಯಸ್ಸಾಯಿತು ಎಂದು ಕಾಕಾ ಹೇಳಿದ, ಇದ್ದರೂ ಇರಬಹುದು. ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ ಎಂದು ಈಗ ನಾನು ಬೇರೆಯವರಿಗೆ ಕಲಿಸುತ್ತೇನೆ. ಕೆಂಚಿ ಕರುಣೆ ಕಲಿತಳು ಎಂಬ ಕಥೆಯನ್ನಂತೂ ನಂಬುವುದಿಲ್ಲ. ಆದರೆ ಮಾಮಾ ಬರುವುದು ಕಡಿಮೆಯಾದದ್ದು ನಿಜ. ಮುನಿಸೇನೂ ಇರಲಿಲ್ಲ. ಮೊಲವಿಲ್ಲದೆಯೂ ಎರಡು ಮೂರು ಸಲ ಬಂದರು, ಪಡಸಾಲೆಯಲ್ಲಿ ಕೂತು ಚಹಾ ಕುಡಿದರು. ಕೆಲಸವಿಲ್ಲದೆ ಎದುರುಬದುರು ಕೂತು ಅಭ್ಯಾಸವಿಲ್ಲದ ಆ ಇಬ್ಬರಿಗೂ ಏನು ಮಾತಾಡಬೇಕೆಂದು ತಿಳಿಯಲಿಲ್ಲ.

ಕೆಂಚಿ ಹೋದಳು, ಕೆಲವು ವರ್ಷಗಳಾದ ಮೇಲೆ ಕಾಕಾನೂ ಹೋದ. ಮನೆಯ ಜಾಗದಲ್ಲಿ ಈಗ ಕಡಲೆ ತುಂಬುವ ಗೋದಾಮಿದೆ. ಒಡ್ಡುಗಳನ್ನು ಯಂತ್ರ ಸಮ ಮಾಡಿದೆ. ಹೋದ ಬೇಸಿಗೆ ರೋಣಕ್ಕೆ ಹೋದಾಗ ಮಗಳ ಮನೆಯಲ್ಲಿರುವ ಮೌಲಾ ಮಾಮಾನನ್ನು ಕಂಡೆ. ಕಣ್ಣು ಮಂದವಾಗಿದ್ದರೂ ದನಿಯಿಂದ ನನ್ನ ಗುರುತು ಹಿಡಿದರು. ಈಗಲೂ ವಾದ ಮಾಡುತ್ತೀಯಾ, ಗೆಲ್ಲುತ್ತೀಯಾ ಎಂದು ಕೇಳಿದರು. ಒಮ್ಮೊಮ್ಮೆ ಎಂದೆ. ಆಗ ಅವರು ಹೇಳಿದರು:

"ಅವತ್ತ ನಿಮ್ಮ ಕಾಕಾ ಸೋತಿದ್ದಿಲ್ಲವ್ವ. ಅವನ ಕಡೆ ಉತ್ತರ ಇತ್ತು. ಮನಿಗೆ ಬರೂ ಮುಂದ ದಾರಿಯೊಳಗ ನನಗ ಹೇಳಿದ. ಆಕಿ ಮಾರಿ ನೋಡಿ ಹೇಳಾಕ ಬಾಯಿ ಬರಲಿಲ್ಲೋ ಮೌಲಾ, ಅಂದ."

"ಏನಿತ್ರಿ ಉತ್ತರ?"

"ಆಕಿಗೆ ಹೇಳಬ್ಯಾಡ ಅಂದಾನ."

ನಾನು ಒತ್ತಾಯಿಸಿದೆ, ನನಗೆ ಬರುವ ಎಲ್ಲ ತರ್ಕವನ್ನೂ ಹೂಡಿದೆ. ಮಾಮಾ ನಗುತ್ತ ತಲೆಯಾಡಿಸಿದರೇ ಹೊರತು ಬಾಯಿ ಬಿಡಲಿಲ್ಲ. ಅಂದಿನಿಂದ ಆ ಉತ್ತರವನ್ನು ನಾನೇ ಕಟ್ಟಲು ನೋಡುತ್ತಿದ್ದೇನೆ. ಕಾಕಾನ ಪರವಾಗಿ ಒಂದೊಂದೇ ಮಾತು ಎತ್ತುತ್ತೇನೆ, ಮರುಕ್ಷಣ ನಾನೇ ಅದನ್ನು ಮುರಿಯುತ್ತೇನೆ. ಮೊಲವನ್ನು ಬಿಡಬೇಕಿತ್ತು ಎಂದು ಇವತ್ತಿಗೂ ಹೇಳುತ್ತೇನೆ. ಪ್ರತಿ ಸಲ ನಾನೇ ಗೆಲ್ಲುತ್ತೇನೆ. ಕಾಕಾ ಮಾತ್ರ, ಆವತ್ತಿನಂತೆಯೇ, ಬಹಳ ಹೊತ್ತು ನನ್ನನ್ನು ನೋಡುತ್ತಾನೆ.