ಬಾಲ ಆಡಿದ್ದನ್ನು ಹಾಡೆಂದುಕೊಂಡೆ

ಮೊಮ್ಮಕ್ಕಳೇ, ನಿಮಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ನನಗೆ ತಾಳವಾಡಿ ಕಡೆಯ ಹಳ್ಳಿ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ಕಲಿತ ಈ ಅಕ್ಷರ ಬಿಟ್ಟರೆ ಬೇರೆ ಬರೆಯಲು ಬಾರದು. ಹಾಗಾಗಿ ಇದನ್ನು ನಾನೇ ನಿಮಗೆ ಓದಿ ಹೇಳಬೇಕು. ಸುಮ್ಮನೆ ಎದುರು ಕೂತು ಹೇಳೋಣವೆಂದರೆ ನಾಚಿಕೆ. ಕಾಗದ ನೋಡಿಕೊಂಡು ಓದಿದರೆ ನಿಮ್ಮ ಮುಖ ನೋಡಬೇಕಾಗಿಲ್ಲ.

ನಾನು ಮದುವೆಯಾಗಿ ಈ ತಮಿಳು ಸೀಮೆಯ ಸೋಮನೂರಿಗೆ ಬಂದಾಗ ಈ ಮನೆಯ ಹಿಂದೆ ಪವರ್‌ಲೂಮ್ ಶೆಡ್ಡು ಇತ್ತು. ಆರು ಮಗ್ಗ. ಅವು ಓಡುವಾಗ ಶೆಡ್ಡಿನೊಳಗೆ ಕಿವಿಗೆ ಬಾಯಿಟ್ಟು ಕಿರುಚಿದರೂ ಮಾತು ಕೇಳಿಸದು. ಅದಕ್ಕೆ ನಾವೆಲ್ಲ ತುಟಿ ನೋಡುತ್ತಿದ್ದೆವು, ಕೈ ನೋಡುತ್ತಿದ್ದೆವು. ಎರಡು ಬೆರಳು ಬಾಯಿಗೆ ತಂದರೆ ಟೀ. ಹುಬ್ಬೇರಿಸಿ ಬಾಗಿಲ ಕಡೆ ತಲೆ ಆಡಿಸಿದರೆ ನೂಲಿನ ಗಾಡಿ ಬಂತು. ನಿಮ್ಮ ತಾತ ನನ್ನೊಡನೆ ಆಡಿದ ಮಾತಿನಲ್ಲಿ ಅರ್ಧ ಸದ್ದಿಲ್ಲದ ಮಾತು. ಮಗ್ಗದ ಸದ್ದು ನಿಂತಾಗ ಮಾತ್ರ ಎಲ್ಲರೂ ತಲೆ ಎತ್ತುತ್ತಿದ್ದೆವು. ಸದ್ದು ನಿಂತರೆ ಎಲ್ಲೋ ಎಳೆ ಕಿತ್ತುಹೋಗಿದೆ ಎಂದು ಅರ್ಥ.

ನನ್ನ ಅತ್ತೆ, ಅಂದರೆ ನಿಮ್ಮ ಮುತ್ತಜ್ಜಿ, ಆ ಶೆಡ್ಡಿನಲ್ಲೇ ಕಿವಿ ಕಳೆದುಕೊಂಡರು. ಅವರು ತುಟಿ ನೋಡಿಯೇ ಉತ್ತರ ಕೊಡುತ್ತಿದ್ದರಿಂದ ನಮಗೆ ವರ್ಷಗಟ್ಟಲೆ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ನಾವು ಅವರಿಗೆ ಒಂದೊಂದಾಗಿ ಎಲ್ಲ ವಿಷಯ ಹೇಳುವುದನ್ನೂ ಬಿಟ್ಟೆವು. ಅವರು ಅಲ್ಲೇ ಕೂತಿರುವಾಗ ಅವರ ಬಗ್ಗೆಯೇ ಮಾತಾಡುತ್ತಿದ್ದೆವು. "ಅವರಿಗೇನು ಕೇಳಿಸತ್ತಾ, ಬಿಡಿ" ಎಂದು ನಾನೂ ಅಂದಿದ್ದೇನೆ. ಹಾಗೆ ಅಂದಾಗ ಒಂದು ಸಲ ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಆ ನೋಟ ನನಗೆ ಇನ್ನೂ ಮರೆತಿಲ್ಲ.

ತಾತ ಹೋದ ಮೇಲೆ ಮಗ್ಗ ನಡೆಸುವವರಿರಲಿಲ್ಲ. ನಿಮ್ಮಪ್ಪ ತಿರುಪ್ಪೂರಿನ ಬನಿಯನ್ ಕಂಪನಿ ಕೆಲಸ ಬಿಟ್ಟು ಬರುವ ಹಾಗಿರಲಿಲ್ಲ. ಶಿವರಾತ್ರಿ ಬರುವ ಮಾಸಿ ತಿಂಗಳಲ್ಲಿ ಒಂದು ದಿನ ಲಾರಿ ಬಂದು ಆರು ಮಗ್ಗವನ್ನೂ ಹೊತ್ತುಕೊಂಡು ಹೋಯಿತು. ಮರುದಿನ ಬೆಳಗ್ಗೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಗೋಡೆಯ ಆಚೆಯಿಂದ ಯಾರೋ ಸೀಟಿ ಹೊಡೆದರು. ಪಾತ್ರೆ ಉಜ್ಜುತ್ತಲೇ ಇದ್ದೆ. ಮತ್ತೆ ಹೊಡೆದರು, ಈ ಸಲ ರಾಗ ಎಳೆದು. ನನಗೆ ಎಲ್ಲಿಂದ ಧೈರ್ಯ ಬಂತೋ, ಪೊರಕೆ ಹಿಡಿದುಕೊಂಡು "ಯಾರಡಾ ಅದು?" ಎಂದು ಕೂಗಿದೆ.

ನಿಮ್ಮಮ್ಮ ಓಡಿ ಬಂದಳು. ನೀರಿನ ಟ್ಯಾಂಕಿನ ಪೈಪಿನ ಮೇಲೆ ಕೂತಿದ್ದ ಕಪ್ಪು ಬಿಳಿ ಹಕ್ಕಿಯನ್ನು ತೋರಿಸಿ ನಗತೊಡಗಿದಳು. "ಅತ್ತೆ, ಅರವತ್ತು ದಾಟಿದ ಮೇಲೆ ನಿಮಗೆ ಸೀಟಿ ಹೊಡೆಯೋಕೆ ಇನ್ಯಾರು ಬರ್ತಾರೆ?"

ಅದು ಮಡಿವಾಳ ಹಕ್ಕಿ. ನನ್ನ ತವರಿನಲ್ಲಿ ಅದಕ್ಕೆ ಹಾಗೆನ್ನುತ್ತಿದ್ದರು. ನಿಮ್ಮ ತಮಿಳಿನಲ್ಲಿ ಸಣ್ಣ ಹಕ್ಕಿಯೆಲ್ಲ ಒಂದೇ, ಕುರುವಿ. ಇಷ್ಟು ವರ್ಷ ಅದು ಅಲ್ಲೇ ಹಾಡುತ್ತಿತ್ತೋ ಏನೋ, ಮಗ್ಗ ಕೇಳಲು ಬಿಟ್ಟಿರಲಿಲ್ಲ. ಆ ಬೇಸಿಗೆಯೆಲ್ಲ ನಾನು ಬೆಳಗಿನ ಕಾಫಿಯನ್ನು ಹಿತ್ತಲ ಮೆಟ್ಟಿಲ ಮೇಲೆ ಕುಡಿದೆ. ನುಗ್ಗೆ ಮರದಲ್ಲಿ ಪಿಕಳಾರಗಳ ಜಗಳ, ಬೇಲಿಯೊಳಗಿಂದ ಕೆಂಬೂತದ ಗುಮ್ಮೆನ್ನುವ ದನಿ. ಆದರೂ ನಾನು ಕಾಯುತ್ತಿದ್ದದ್ದು ಮಡಿವಾಳನನ್ನು. ಅದು ನಿನ್ನೆ ಹಾಡಿದ್ದನ್ನು ಇವತ್ತು ಹಾಡುತ್ತಿರಲಿಲ್ಲ. ಗಂಡ ಹೋದವಳು ಇಷ್ಟು ಸುಖವಾಗಿ ಕೂತಿರುವುದು ಸರಿಯೇ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು. ಆದರೂ ಕೂತೆ.

ಆಡಿ ತಿಂಗಳು, ಅಂದರೆ ನನ್ನ ತವರಿನ ಆಷಾಢ, ಕಳೆದ ಮೇಲೆ ಹಾಡು ತೆಳ್ಳಗಾಯಿತು. ಆಯುಧ ಪೂಜೆಯ ಹೊತ್ತಿಗೆ ಏನೂ ಇಲ್ಲ. ಹಕ್ಕಿ ಎಲ್ಲಿಗೂ ಹೋಗಿರಲಿಲ್ಲ. ಅದೇ ಪೈಪು, ಅದೇ ಹೊತ್ತು. ಬಾಲವನ್ನು ಮೇಲೆತ್ತುತ್ತಿತ್ತು, ಇಳಿಸುತ್ತಿತ್ತು, ಮತ್ತೆ ಎತ್ತುತ್ತಿತ್ತು. ಹಾಡುವಾಗಲೂ ಹಾಗೇ ಮಾಡುತ್ತಿತ್ತಲ್ಲ? ಅಷ್ಟು ದೂರದಿಂದ ನನಗೆ ಕೊಕ್ಕು ಕಾಣುವುದಿಲ್ಲ, ಬಾಲ ಕಾಣುತ್ತದೆ. ಅದು ಹಾಡುತ್ತಿದೆ, ನನಗೆ ಕೇಳಿಸುತ್ತಿಲ್ಲ ಎಂದುಕೊಂಡೆ. ಕುಕ್ಕರ್ ಕೂಗಿದ್ದು, ಬಸ್ಸಿನ ಹಾರ್ನು ಕೇಳಿಸುತ್ತಿತ್ತು. ಆದರೆ ಅತ್ತೆಗೂ ಮೊದಲು ಹೋದದ್ದು ಸಣ್ಣ ದನಿಗಳೇ, ದೊಡ್ಡ ಸದ್ದು ಕೊನೆಯವರೆಗೆ ಕೇಳಿಸುತ್ತಿತ್ತು. ಸದ್ದು ನಿಂತಿದೆ, ಎಳೆ ಕಿತ್ತುಹೋಗಿದೆ, ಈ ಸಲ ನನ್ನೊಳಗೆ. ಅತ್ತೆಯ ಜಾಗಕ್ಕೆ ನಾನು ಬಂದೆ ಎನಿಸಿತು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಆ ದಿನದಿಂದಲೇ ನನ್ನ ಮುಂದೆ ಮಾತು ಬದಲಾಗುತ್ತದೆ ಎಂದು ಭಯ. ನಿಮ್ಮೆಲ್ಲರ ತುಟಿ ನೋಡಿಕೊಂಡು ಉತ್ತರ ಕೊಟ್ಟೆ. ಎರಡು ಸಲ ಫೋನು ಹೊಡೆದದ್ದು ಗೊತ್ತಾಗದೆ ಹೋದಾಗ ಇನ್ನು ಸಂದೇಹವೇ ಉಳಿಯಲಿಲ್ಲ. ಬೆಳಗಿನ ಕಾಫಿಯನ್ನು ಒಳಗೇ ಕುಡಿಯತೊಡಗಿದೆ.

ಪೊಂಗಲ್ ರಜೆಯಲ್ಲಿ ನಿಮ್ಮಲ್ಲಿ ದೊಡ್ಡವಳು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದಳು. ಹಕ್ಕಿ ಪೈಪಿನ ಮೇಲಿತ್ತು. ನನಗೆ ತಡೆಯಲಾಗಲಿಲ್ಲ.

"ಕಣ್ಣು, ಅದು ಹೇಗೆ ಹಾಡ್ತಿದೆ ಇವತ್ತು?"

"ಯಾವುದು?"

"ಅದೇ, ಅಲ್ಲಿ. ಚೆನ್ನಾಗಿ ಹಾಡ್ತಿದೆಯಾ?"

"ಎಲ್ಲಿ ಹಾಡ್ತಿದೆ ಅಜ್ಜಿ? ಸುಮ್ನೆ ಬಾಲ ಆಡಿಸ್ತಾ ಕೂತಿದೆ."

"ಸರಿಯಾಗಿ ನೋಡು ಸಾಮಿ. ಬಾಯಿ ತೆರೆದಿಲ್ಲವಾ?"

"ಅಯ್ಯೋ, ಇಲ್ಲಜ್ಜಿ! ಬಾಯಿ ಮುಚ್ಚಿಕೊಂಡಿದೆ. ಈಗೆಲ್ಲ ಅದು ಹಾಡೋದೇ ಇಲ್ಲ. ನೀವೇನು, ಬಾಲ ನೋಡಿ ಹಾಡು ಕೇಳ್ತೀರಾ?"

ಅವಳ ಕಡೆ ತಿರುಗಿದೆ. ಅವಳ ತುಟಿಯ ತುಂಬ ಪೇಸ್ಟಿನ ನೊರೆ. ಅಂದರೆ ನಾನು ಆ ಮಾತನ್ನು ತುಟಿ ನೋಡಿ ತಿಳಿದದ್ದಲ್ಲ. ಆದರೂ ನಂಬಿಕೆ ಬರಲಿಲ್ಲ. ನನ್ನ ಭಯವನ್ನು ಅವಳೊಬ್ಬಳಿಗೆ ಹೇಳಿದೆ. ಅವಳು ನಗಲಿಲ್ಲ. ಬಾಯಿ ತೊಳೆದು ಬಂದು ನನ್ನ ಬೆನ್ನ ಹಿಂದೆ ಹತ್ತು ಹೆಜ್ಜೆ ದೂರ ಹೋಗಿ ನಿಂತಳು.

"ಅಜ್ಜಿ ಮಾಡೋ ಉಪ್ಪಿಟ್ಟು ಗಂಟುಗಂಟು," ಎಂದಳು ಪಿಸುಮಾತಿನಲ್ಲಿ.

"ನಿಮ್ಮಮ್ಮಂದು ಗಂಟು. ನಂದು ಉದುರುದುರು," ಎಂದೆ ತಿರುಗದೆ.

ಆಮೇಲೆ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅವಳು ಗಾಬರಿಯಾಗಿ ಅಮ್ಮನನ್ನು ಕರೆದಳು, ನಿಮ್ಮಮ್ಮ ನನ್ನನ್ನು ಚೆನ್ನಾಗಿ ಬೈದು ಗಾಂಧಿಪುರಂ ಹತ್ತಿರದ ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಎಡಗಿವಿ ಸ್ವಲ್ಪ ಮಂದ, ವಯಸ್ಸಿಗೆ ಅಷ್ಟು ಸಹಜ ಎಂದರು. ಫೋನು ಕೇಳಿಸದ ವಿಷಯ ನಾನು ಹೇಳಿದಾಗ ನಿಮ್ಮಮ್ಮ ಅದನ್ನು ತಿರುಗಿಸಿ ನೋಡಿದಳು. ನೀವು ಆಟವಾಡುವಾಗ ಅದರ ಸದ್ದು ತೆಗೆದಿಟ್ಟಿದ್ದಿರಿ. ಅದಕ್ಕೆ ನಿಮಗಾಗಬೇಕಾದ ಬೈಗುಳ ಆಗಿದೆ.

ಎಲ್ಲ ಗೊತ್ತಾದ ಮೇಲೂ ಒಂದು ಸಣ್ಣ ಮುಳ್ಳು ಉಳಿದಿತ್ತು. ಹಕ್ಕಿ ಯಾಕೆ ಸುಮ್ಮನಾಯಿತು? ಮತ್ತೆ ಹಾಡದಿದ್ದರೆ? ಶಿವರಾತ್ರಿ ಕಳೆದು ನಾಲ್ಕು ದಿನವಾಗಿರಬೇಕು. ಒಲೆಯ ಮೇಲೆ ಹಾಲಿಟ್ಟಿದ್ದೆ. ಹಿತ್ತಲಿಂದ ಸಣ್ಣಗೆ ಒಂದು ಎಳೆ ದನಿ ಬಂತು, ನಿಂತಿತು. ಮತ್ತೆ ಬಂತು. ಬೆಳೆದು ಸೀಟಿಯಾಯಿತು. ಮರಿ ಮಾಡುವ ಕಾಲಕ್ಕೆ ಮಾತ್ರ ಅದು ಹಾಡುವುದೆಂದು ಆಮೇಲೆ ನಿಮ್ಮಪ್ಪ ಎಲ್ಲೋ ಓದಿ ಹೇಳಿದ. ಹಾಲು ಉಕ್ಕಿತು, ನಾನು ಹಿತ್ತಲಿಗೆ ಹೋಗಿಬಿಟ್ಟಿದ್ದೆ.

ಮಹಡಿಯಿಂದ ದೊಡ್ಡವಳು ಕೂಗಿದಳು: "ಅಜ್ಜೀ, ಹಾಡ್ತಿದೆ! ಕೇಳಿಸ್ತಾ?"

"ನಿನಗಿಂತ ಮೊದಲೇ ಕೇಳಿಸ್ತು, ಹೋಗು."

ಇಷ್ಟೇ. ಒಂದು ಮಾತು ಕೇಳುತ್ತೇನೆ. ಮುಂದೆ ಯಾವತ್ತಾದರೂ ನನ್ನ ಕಿವಿ ನಿಜಕ್ಕೂ ಹೋದರೆ, ನನ್ನ ಬಗ್ಗೆ ಆಡುವುದನ್ನು ನನ್ನ ಎದುರು ನಿಂತು ಆಡಿ. ತುಟಿ ನೋಡಲು ನನಗೆ ಬರುತ್ತದೆ. ಆಗ ಪ್ರತಿ ಮಾಸಿಯಲ್ಲೂ ಹಕ್ಕಿ ಬಾಯಿ ತೆರೆದ ದಿನ ಬಂದು ಹೇಳಿ.