ಹೆಣ್ಣುಮಕ್ಕಳ ಟೈಮು

ಮೊನ್ನೆ ನಮ್ಮ ಇಂದಿರಾನಗರದ ಅಪಾರ್ಟ್‌ಮೆಂಟಿನಲ್ಲಿ ಸಂಪು ತೊಳೆಸಿದರು. ತೊಳೆದವರು ಬ್ಲೀಚಿಂಗ್ ಪೌಡರನ್ನು ಧಾರಾಳವಾಗಿ ಸುರಿದಿರಬೇಕು, ಬೆಳಗ್ಗೆ ನಲ್ಲಿ ತಿರುಗಿಸಿದರೆ ಅಡುಗೆಮನೆ ತುಂಬ ಅದೇ ವಾಸನೆ. ಕಾಫಿ ಬಾಯಿಗಿಡೋಕೆ ಆಗ್ತಿಲ್ಲ ಅಂತ ಒಬ್ಬರು, ಮಗುಗೆ ಕಣ್ಣುರಿ ಅಂತ ಇನ್ನೊಬ್ಬರು, ವಾಟ್ಸಾಪ್ ಗ್ರೂಪಿನಲ್ಲಿ ಜಗಳವೋ ಜಗಳ. ನಾನು ಮಾತ್ರ ಒಲೆ ಆರಿಸಿ ಸಿಂಕಿನ ಮುಂದೆ ಸುಮ್ಮನೆ ನಿಂತುಬಿಟ್ಟೆ. ಮೂಗು ಚುರುಗುಟ್ಟಿಸುವ ಆ ವಾಸನೆಯ ಹಿಂದೆಯೇ ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಆರುತ್ತಿದ್ದ ಒದ್ದೆ ಹೆಜ್ಜೆಗಳು, ಕೊಬ್ಬರಿಎಣ್ಣೆ ಹಚ್ಚಿದ ಒಂದು ದಪ್ಪ ಜಡೆ, ಹೆಂಗಸರ ನಗು, ಎಲ್ಲ ಒಟ್ಟಿಗೆ ಬಂದವು. ಬಾಲ್ಯ ನೆನಪಾದರೆ ಜನಕ್ಕೆ ಖುಷಿಯಾಗುತ್ತೆ ಅಂತಾರೆ. ನಿಮಗೂ ಆಗಬಹುದು. ನನಗೆ ಈ ವಾಸನೆ ಬಂದರೆ ಮೊದಲು ಆಗೋದು ನಾಚಿಕೆ. ಮುಖ ಬಿಸಿಯಾಗುವಂಥ ನಾಚಿಕೆ.

ಹಲಸೂರಿನ ಹಳೇ ಬೀದಿಯೊಂದರಲ್ಲಿ ನಮ್ಮ ಮನೆ ಇತ್ತು. ಅಗಲ ಇಲ್ಲ, ಉದ್ದಕ್ಕೆ ಹೋಗುತ್ತಲೇ ಇರೋದು. ಮುಂದಿನ ಜಗಲಿಯಲ್ಲಿ ಅಪ್ಪನ ಬಾಡಿಗೆ ಸೈಕಲ್ ಅಂಗಡಿ, ಅಲ್ಲಿಂದ ಒಳಗೆ ಕತ್ತಲೆ ಕತ್ತಲೆಯ ನಡುಮನೆ, ಆಮೇಲೆ ಅಡುಗೆಮನೆ, ಕೊನೆಗೆ ಹಂಡೆ ಒಲೆಯ ಬಚ್ಚಲು. ಸೈಕಲ್ ಟ್ಯೂಬಿಗೆ ಪ್ಯಾಚು ಹಾಕುವ ಸಲ್ಯೂಷನ್ನಿನ ವಾಸನೆ ಮತ್ತು ಸಾರಿನ ಒಗ್ಗರಣೆ ನಡುಮನೆಯಲ್ಲಿ ಎದುರಾಗಿ ಬೆರೆಯುತ್ತಿದ್ದವು. ತಾತನ ಕಾಲದಲ್ಲಿ ನಮ್ಮವರು ಸೊಪ್ಪು ತರಕಾರಿ ಬೆಳೆಯುತ್ತಿದ್ದರಂತೆ. ನಾನು ಹುಟ್ಟುವಷ್ಟರಲ್ಲಿ ಆ ಜಮೀನೆಲ್ಲ ಸೈಟು, ಸೈಟೆಲ್ಲ ಬೇರೆಯವರ ಮನೆ. ಉಳಿದಿದ್ದು ಈ ಮನೆ, ಅಪ್ಪ, ಅಮ್ಮ, ನಾನು, ಮತ್ತೆ ಅತ್ತೆ.

ಅತ್ತೆ ಅಂದರೆ ಜಯಮ್ಮ, ಅಪ್ಪನ ಅಕ್ಕ. ಗಂಡ ತೀರಿಹೋದ ಮೇಲೆ ಒಂದು ಟ್ರಂಕು ಹಿಡಿದು ತಮ್ಮನ ಮನೆಗೆ ಬಂದವಳು. ಬೀದಿಯಲ್ಲಿ ಬಾಯಿ ಬೊಂಬಾಯಿ, ತರಕಾರಿ ಗಾಡಿಯವನು ನಮ್ಮ ಬಾಗಿಲಿಗೆ ಬಂದರೆ ತಾನೇ ದನಿ ತಗ್ಗಿಸಬೇಕು, ಹಾಗಿದ್ದಳು. ಅದೇ ಅತ್ತೆ ಅಪ್ಪ ಊಟಕ್ಕೆ ಒಳಗೆ ಬಂದ ತಕ್ಷಣ ಅರ್ಧಕ್ಕರ್ಧ ಚಿಕ್ಕವಳಾಗಿಬಿಡೋಳು. ಎರಡನೇ ಸಲ ಅನ್ನ ಹಾಕಿಸಿಕೊಂಡಿದ್ದನ್ನು ನಾನು ನೋಡಿಲ್ಲ. ಅಮ್ಮ ಎಷ್ಟು ಒತ್ತಾಯ ಮಾಡಿದರೂ "ಸಾಕು ಕಣೇ, ಹೊಟ್ಟೆ ತುಂಬೋಯ್ತು" ಅನ್ನೋಳು. ಅಪ್ಪ ಬೈಯುವ ಮನುಷ್ಯ ಅಲ್ಲ ಸ್ವಾಮಿ, ಒಂದು ದಿನಕ್ಕೂ ಅಕ್ಕನಿಗೆ ಎದುರಾಡಿದವನಲ್ಲ. ಆದರೂ ಅವಳಿಗೆ ಆ ಮನೆಯಲ್ಲಿ ಜೋರಾಗಿ ಉಸಿರಾಡೋಕೆ ಸಂಕೋಚ.

ನನಗೆ ಉಬ್ಬಸ ಇತ್ತು. ಶಿವಾಜಿನಗರದ ಡಾಕ್ಟರೊಬ್ಬರು ಈಜು ಕಲಿಸಿ, ಎದೆ ಅಗಲ ಆಗುತ್ತೆ ಅಂದರು. ನಮ್ಮ ಬೀದಿಯ ಕೊನೆಯಲ್ಲೇ ಬ್ಲೀಚಿಂಗ್ ಪೌಡರ್ ವಾಸನೆಯ ಒಂದು ಸರ್ಕಾರಿ ಈಜುಕೊಳ, ಮಧ್ಯಾಹ್ನ ಊಟವಾದ ಮೇಲೆ ಅಲ್ಲಿ ಒಂದು ಗಂಟೆ ಹೆಣ್ಣುಮಕ್ಕಳ ಟೈಮು. ಬೋರ್ಡು ಗೀರ್ಡು ಏನೂ ಇರಲಿಲ್ಲ. ಗೇಟಿನ ಕಂಬಿಗೆ ಒಂದು ಹಳೇ ಹಸಿರು ಸೀರೆಯನ್ನು ಪರದೆ ಕಟ್ಟಿದರೆ ಗಂಡಸರು ಬರಬಾರದು ಅಂತ ಅರ್ಥ, ಬಿಚ್ಚಿದರೆ ಬರಬಹುದು ಅಂತ. ಅತ್ತೆ ದಿನಾ ನನ್ನ ಕೈ ಹಿಡಿದು, ಬುಟ್ಟಿಯೊಂದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಡುತ್ತಿದ್ದಳು. ಮನೆಯವರ ಲೆಕ್ಕದಲ್ಲಿ ಈಜೋಳು ನಾನು, ಕಾಯೋಳು ಅತ್ತೆ.

ಪರದೆ ದಾಟಿದರೆ ಲೆಕ್ಕ ಉಲ್ಟಾ! ನಾನು ನೀರು ಕಂಡರೆ ಗಡಗಡ ನಡುಗುವ ಪುಕ್ಕಲಿ, ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಿದ್ದೆ. ಅತ್ತೆ ಬುಟ್ಟಿಯ ತಳದಿಂದ ಕಂದು ಬಣ್ಣದ ಚೂಡಿದಾರ ತೆಗೆಯೋಳು. ಅದನ್ನು ಹೊಲಿದುಕೊಟ್ಟಿದ್ದು ಮುಮ್ತಾಜ್ ಖಾಲಾ. ಅವರ ಮಾತಲ್ಲಿ ಖಾಲಾ ಅಂದರೆ ಚಿಕ್ಕಮ್ಮ. ಶಿವಾಜಿನಗರದಲ್ಲಿ ಮನೆಯಲ್ಲೇ ಮೆಷೀನಿಟ್ಟು ಬುರ್ಖಾ ಹೊಲಿಯುತ್ತಿದ್ದ ಖಾಲಾ ಕೂಡ ದಿನಾ ಬರುತ್ತಿದ್ದರು, ಗಿರಾಕಿಯ ಅಳತೆ ತಗೊಂಡು ಬರ್ತೀನಿ ಅಂತ ಮನೆಯಲ್ಲಿ ಹೇಳಿ. ಅವರ ಜತೆ ಇನ್ನೂ ಹತ್ತು ಹದಿನೈದು ಜನ. ಒಬ್ಬಳು ದೇವಸ್ಥಾನಕ್ಕೆ ಅಂತ, ಒಬ್ಬಳು ರೇಷನ್ನಿಗೆ ಅಂತ, ಒಬ್ಬಳು ನಾದಿನಿಗೆ ಹುಷಾರಿಲ್ಲ ಅಂತ. ಕೋಚ್ ಆಗಿದ್ದ ಸ್ಟೆಲ್ಲಾ ಮಿಸ್ ಸೀಟಿ ಊದಿದರೆ ಇವರೆಲ್ಲ ಧುಮುಕೋದು, ಕಿರುಚೋದು, ಒಬ್ಬರ ಮೇಲೊಬ್ಬರು ನೀರೆರಚೋದು. "ನಕ್ಕೋ, ಬೇಡ ಜಯಮ್ಮಾ, ಕಾಲು ಎಳೀಬೇಡ, ನಾನು ಮುಳುಗೋಯ್ತೀನಿ" ಅಂತ ಖಾಲಾ ಬೊಬ್ಬೆ ಹಾಕೋರು. ಅತ್ತೆ ಮಾತ್ರ ಒಂದು ಸುತ್ತು ಎಲ್ಲರ ಜತೆ ಆಡಿ, ಆಮೇಲೆ ಒಬ್ಬಳೇ ಆಳದ ಕಡೆಗೆ ಹೋಗಿಬಿಡೋಳು. ಅಲ್ಲಿ ಅಂಗಾತ ತೇಲುತ್ತಾ, ಕಣ್ಣು ಮುಚ್ಚಿ, ಕೈಯನ್ನು ಸುಮ್ಮನೆ ಆಡಿಸುತ್ತಾ ಇದ್ದಳು. ಆ ಮುಖ ನಾನು ಮನೆಯಲ್ಲಿ ಕಂಡಿರಲಿಲ್ಲ. ಎಷ್ಟು ಬೇಕಾದರೂ ಬಡಿಸಿಕೋ ಅಂತ ಯಾರೋ ಅವಳಿಗೆ ಹೇಳಿದ ಹಾಗಿರೋದು. ವಾಪಸ್ಸು ಬರುವಾಗ ಟವೆಲಿನಿಂದ ನನ್ನ ತಲೆಯನ್ನು ಬೇಕಂತಲೇ ಒದ್ದೆ ಮಾಡಿ, ತನ್ನ ತಲೆಯನ್ನು ಒಣಗಿಸಿಕೊಳ್ಳೋಳು. "ಅಪ್ಪ ಕೇಳಿದ್ರೆ?" ಅಂತ ದಾರಿಯಲ್ಲಿ ಪಾಠ ಒಪ್ಪಿಸಿಕೊಳ್ಳೋಳು. "ನಾನು ಚೆನ್ನಾಗಿ ಈಜಿದೆ" ಅಂತ ನಾನು ಹೇಳಬೇಕು.

ಹೀಗಿರುವಾಗ ಒಂದು ಬೇಸಿಗೆ ಸ್ಟೆಲ್ಲಾ ಮಿಸ್ ಸಪ್ಪೆ ಮುಖ ಹಾಕಿಕೊಂಡು ಬಂದು, ತಿಂಗಳಾದ ಮೇಲೆ ಈ ಟೈಮು ರದ್ದು ಅಂದರು. ಹೊಸದಾಗಿ ಬಂದ ಆಫೀಸರ್ ಒಂದು ಗಂಟೆ ಇವರಿಗೋಸ್ಕರ ಕೊಳ ತೆಗೆದಿಡೋದು ದಂಡ ಅಂದರಂತೆ. ಅವತ್ತು ನೀರಿಗೆ ಯಾರೂ ಇಳಿಯಲಿಲ್ಲ. ಖಾಲಾ ಚೂಡಿದಾರದ ಹೊಲಿಗೆ ಕೀಳುತ್ತಾ ಕೂತಿದ್ದರು. ಕೊನೆಗೆ ಅತ್ತೆಯೇ ಎದ್ದಳು. "ಅದ್ಹೇಗೆ ತೆಗೀತಾರೆ? ನಾನು ನಮ್ಮ ತಮ್ಮ ಸೀನನಿಗೆ ಹೇಳ್ತೀನಿ, ನೀವೂ ನಿಮ್ಮ ನಿಮ್ಮ ಮನೇಲಿ ಹೇಳಿ" ಅಂದಳು.

ಹೇಳಿದ್ದು ಏನು? ರಾತ್ರಿ ಊಟಕ್ಕೆ ಬಡಿಸುವಾಗ ಅತ್ತೆ ತಟ್ಟೆ ನೋಡುತ್ತಾ, "ಅಲ್ಲ ಕಣೋ ಸೀನ, ಹೆಣ್ಮಕ್ಳ ಟೈಮು ತೆಗೆದುಬಿಡ್ತಾರಂತೆ" ಅಂದಳು. ಅಷ್ಟೇ. ನಮ್ಮ ಕಡೆ ಹೆಣ್ಣುಮಕ್ಕಳು ಅಂದರೆ ತೊಟ್ಟಿಲ ಕೂಸೂ ಹೌದು, ಹಲ್ಲು ಬಿದ್ದ ಅಜ್ಜಿಯೂ ಹೌದು. ಹೆಣ್ಮಕ್ಳ ಸೀಟು ಬಿಡ್ರೀ ಅಂದರೆ ಬಸ್ಸಿನಲ್ಲಿ ಯಾರೂ ಮಗು ಹುಡುಕಲ್ಲ. ಆದರೆ ಅಪ್ಪ ನನ್ನ ಕಡೆ ನೋಡಿದ. ಅವನ ತಲೆಗೆ ಹೋಗಿದ್ದು ನನ್ನಂಥ ಪುಟ್ಟ ಹುಡುಗಿಯರು. "ನಮ್ಮ ಮಕ್ಕಳ ಈಜು ಕಿತ್ಕೊಳ್ತಾರಾ ಇವರು?" ಅಂತ ಅನ್ನ ಬಿಟ್ಟು ಎದ್ದ. ಅತ್ತೆ ತಿದ್ದಲಿಲ್ಲ. ಅವತ್ತು ಬೇರೆ ಮನೆಗಳಲ್ಲೂ ಅದೇ ಮಾತು, ಅದೇ ತಪ್ಪು ಅರ್ಥ, ಅದೇ ಮೌನ.

ಆಮೇಲೆ ನೋಡಬೇಕಿತ್ತು ನೀವು! ಸೈಕಲ್ ಅಂಗಡಿಯೇ ಹೋರಾಟದ ಆಫೀಸಾಯಿತು. ಮುಮ್ತಾಜ್ ಖಾಲಾರ ಮಗ ಶಿವಾಜಿನಗರದಿಂದ ಬಟ್ಟೆ ತಂದ, ನಮ್ಮ ಬೀದಿಯ ಪೇಂಟರು ಕೆಂಪು ಅಕ್ಷರದಲ್ಲಿ "ಹೆಣ್ಣುಮಕ್ಕಳ ಟೈಮು ಉಳಿಸಿ" ಅಂತ ಬರೆದು ಕೊಟ್ಟರು. ತಮಿಳು ಮಾತಾಡೋರು, ದಖ್ಖನಿ ಮಾತಾಡೋರು, ನಾವು, ಎಲ್ಲ ಗಂಡಸರೂ ಒಂದಾಗಿದ್ದು ನಾನು ಕಂಡಿದ್ದು ಅದೊಂದೇ ಸಲ. ಬಾಡಿಗೆ ಸೈಕಲ್ಲುಗಳನ್ನೆಲ್ಲ ಸಾಲಾಗಿ ತುಳಿದುಕೊಂಡು ಹಲಸೂರು ಕೆರೆ ಸುತ್ತ ಮೆರವಣಿಗೆ ಹೋದರು. ಹುಡುಗಿಯರನ್ನು ಕ್ಯಾರಿಯರಿನ ಮೇಲೆ ಕೂರಿಸಿದ್ದರು. ಹೆಂಗಸರು ಬಾಗಿಲಲ್ಲಿ ನಿಂತು ಮಜ್ಜಿಗೆ ಕೊಟ್ಟರು. ಅತ್ತೆಯ ಕಣ್ಣು ಹೊಳೆಯುತ್ತಿತ್ತು. ಅವಳಿಗೋಸ್ಕರ ಊರೇ ಎದ್ದ ಹಾಗೆ, ಆದರೆ ಅವಳಿಗೋಸ್ಕರ ಅಂತ ಊರಿಗೆ ಗೊತ್ತಿಲ್ಲ.

ಗಲಾಟೆ ಕೇಳಿ ಆಫೀಸರೇ ಬಂದರು. ಕೊಳದ ಪಕ್ಕದ ಗ್ಯಾಲರಿಯಲ್ಲಿ ಸಭೆ. ಕೆಟ್ಟ ಮನುಷ್ಯನಲ್ಲ, ಮಾತು ಮೆತ್ತಗಿತ್ತು. ಬ್ಯಾನರ್ ಓದಿ ನಕ್ಕು, "ಹೆಣ್ಣುಮಕ್ಕಳು ಅಂದ್ರೆ ಯಾರಪ್ಪಾ? ಹೆಂಗಸರೋ, ಸಣ್ಣ ಹುಡುಗೀರೋ? ಸಣ್ಣವರಿಗಾದ್ರೆ ಕ್ರೀಡಾ ತರಬೇತಿ ಅಂತ ಬರೆದು ಈಗಲೇ ಮಾಡಿಸ್ತೀನಿ, ಆದ್ರೆ ದೊಡ್ಡವರನ್ನ ಒಳಗೆ ಬಿಡೋ ಹಾಗಿಲ್ಲ. ಹೆಂಗಸರಿಗೆ ಅಂದ್ರೆ ಮೇಲಿನವರ ಹತ್ರ ಹೋರಾಡಬೇಕು, ಅದಕ್ಕೂ ನಾನು ರೆಡಿ. ಆದ್ರೆ ಈಜೋ ಹೆಂಗಸರು ಎದ್ದು ಹೇಳಲಿ, ನಮಗೆ ಬೇಕು ಅಂತ" ಅಂದರು.

ಗಂಡಸರು ನಕ್ಕರು. ಯಾರೋ, "ನಮ್ಮ ಮನೆ ಹೆಂಗಸರು ಬಿಂದಿಗೆಗೆ ಬಿದ್ರೂ ಮುಳುಗ್ತಾರೆ ಸಾರ್" ಅಂದರು, ಇನ್ನೂ ನಗು. ಹಿಂದಿನ ಸಾಲಿನಲ್ಲಿ ಅವರೆಲ್ಲ ಕೂತಿದ್ದರು, ದೇವಸ್ಥಾನದವಳು, ರೇಷನ್ನಿನವಳು, ಎಲ್ಲರೂ, ಸೆರಗು ಹೊದ್ದು. ಖಾಲಾ ಮಗನ ಬೆನ್ನು ನೋಡುತ್ತಿದ್ದರು. ಸ್ಟೆಲ್ಲಾ ಮಿಸ್ ಕೆಲಸದವರು, ಬಾಯಿ ಬಿಡೋ ಹಾಗಿಲ್ಲ, ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಅತ್ತೆಯನ್ನೇ ದಿಟ್ಟಿಸುತ್ತಿದ್ದರು. ಆಫೀಸರ್ ಅದನ್ನು ಗಮನಿಸಿರಬೇಕು. "ನೀವು ಹೇಳೀಮ್ಮಾ, ನಿಮಗೆ ಈಜು ಬರುತ್ತಾ?" ಅಂತ ಅತ್ತೆಯನ್ನೇ ಕೇಳಿದರು.

"ಅಯ್ಯೋ, ನಂಗೆಲ್ಲಿ ಬರುತ್ತೆ ಸಾರ್ ಈಜು" ಅಂದಳು ಅತ್ತೆ. ನನ್ನ ಬೆನ್ನಿನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿದಳು. "ಇವರೇ ಸಾರ್ ಹೆಣ್ಮಕ್ಳು. ಇವರಿಗೇ ಬೇಕು."

ಒಬ್ಬೊಬ್ಬರಾಗಿ ಉಳಿದವರೂ ತಮ್ಮ ತಮ್ಮ ಹುಡುಗಿಯರನ್ನು ಮುಂದಕ್ಕೆ ತಳ್ಳಿದರು. ಮಗಳಿಲ್ಲದವರು ಪಕ್ಕದ ಮನೆಯ ಹುಡುಗಿಯನ್ನು ತಳ್ಳಿದರು. ಆಫೀಸರ್ ಸರಿ ಅಂದರು. ಗಂಡಸರು ಚಪ್ಪಾಳೆ ಹೊಡೆದರು, ಹೊರಗೆ ಪಟಾಕಿ ಹಚ್ಚಿದರು. ಗೆದ್ವಿ ಗೆದ್ವಿ ಅಂತ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡ. ತಿಂಗಳು ಮುಗಿಯೋ ತನಕ ಟೈಮು ನಿಮ್ಮದೇ, ಬನ್ನಿ ಅಂತ ಸ್ಟೆಲ್ಲಾ ಮಿಸ್ ಅತ್ತೆಯ ಕಿವಿಯಲ್ಲಿ ಹೇಳಿದರಂತೆ. ಯಾರು ಹೋಗ್ತಾರೆ? ಹೋರಾಟ ಮಾಡಿ ಗೆದ್ದ ಗಂಡಸರು ಕಾವಲಿಗೆ ಅಂತ ಗೇಟಿನ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು.

ಇನ್ನೊಂದು ಮಾತು ಹೇಳಿಬಿಡಬೇಕು. ಅತ್ತೆ ಈಜು ಕಲಿತಿದ್ದು ಆ ಕೊಳದಲ್ಲಿ ಅಲ್ಲ. ತಾತನ ತೋಟದ ಬಾವಿಯಲ್ಲಿ, ಲಂಗ ಕಟ್ಟಿಕೊಂಡು, ದೊಡ್ಡವಳಾಗುವ ತನಕ. ಅಪ್ಪನಿಗೆ ಈಜು ಕಲಿಸಿದ್ದೂ ಅವಳೇ, ಸೊಂಟಕ್ಕೆ ಹಗ್ಗ ಕಟ್ಟಿ ನೀರಿಗೆ ಬಿಟ್ಟು. ಇದನ್ನು ನನಗೆ ಹೇಳಿದ್ದು ಅಮ್ಮ, ಅತ್ತೆ ಹೋದ ಮೇಲೆ. ಕೇಳಿದ ದಿನ ನಾನು ಆ ಸಭೆಯನ್ನು ಇನ್ನೊಂದು ಸಲ ನೆನೆಸಿಕೊಂಡೆ. ಮೊದಲ ಸಾಲಿನಲ್ಲಿ ಅಪ್ಪ ಇದ್ದ. ಬಿಂದಿಗೆಯ ಮಾತಿಗೆ ಅವನೂ ನಕ್ಕಿದ್ದ. ನಂಗೆಲ್ಲಿ ಬರುತ್ತೆ ಅಂತ ಅಕ್ಕ ಅಂದಾಗ ಮಾತ್ರ ಅವನು ತಿರುಗಿ ನೋಡಲಿಲ್ಲ, ಬಗ್ಗಿ ಚಪ್ಪಲಿ ಸರಿ ಮಾಡಿಕೊಂಡ. ನಾನು ಪ್ರೀತಿಸಿದ ಮನುಷ್ಯ ಅವನು. ಅವನ ಪರವಾಗಿ ನನಗೆ ಇವತ್ತಿಗೂ ತಲೆ ಎತ್ತೋಕೆ ಆಗಲ್ಲ.

ಈಗ ಆ ಮನೆ ಇಲ್ಲ, ಕೊಳವೂ ಇಲ್ಲ, ಅಲ್ಲಿ ಕಾರು ನಿಲ್ಲಿಸ್ತಾರೆ. ನಾವು ಹುಡುಗಿಯರು ಮೈನೆರೆದು ಒಬ್ಬೊಬ್ಬರಾಗಿ ಬಿಟ್ಟೆವು, ತರಬೇತಿಗೆ ಜನ ಇಲ್ಲ ಅಂತ ಆ ಗಂಟೆಯನ್ನೂ ತೆಗೆದರು. ಆಗ ಯಾರೂ ಬ್ಯಾನರ್ ಕಟ್ಟಲಿಲ್ಲ. ದೊಡ್ಡ ಹುಡುಗಿಯರಿಗೂ ನೀರು ಬೇಕು ಅಂತ ಹೇಳೋಕೆ ನಮಗೂ ನಾಚಿಕೆ, ನೋಡಿ. ಮುಮ್ತಾಜ್ ಖಾಲಾ ಕೊನೆಯ ತನಕ ನಮ್ಮ ಮನೆಗೆ ಬರುತ್ತಿದ್ದರು, ಅತ್ತೆಯೂ ಅವರೂ ಎಲ್ಲ ವಿಷಯ ಮಾತಾಡುತ್ತಿದ್ದರು, ಅದೊಂದು ಬಿಟ್ಟು.

ನನ್ನ ಕಣ್ಣಿಗೆ ಕಟ್ಟಿರೋದು ತರಬೇತಿ ಶುರುವಾದ ದಿನ. ಗೇಟಿಗೆ ಪರದೆ ಬೇಕಿಲ್ಲ ಈಗ, ಮಕ್ಕಳು ತಾನೇ. ಗ್ಯಾಲರಿ ತುಂಬ ಅಪ್ಪಂದಿರು, ಅಮ್ಮಂದಿರು. ಅತ್ತೆ ಕೆಳಗಿನ ಮೆಟ್ಟಿಲಲ್ಲಿ ಅಪ್ಪನ ಪಕ್ಕ ಕೂತಿದ್ದಳು, ಒಗೆದ ಸೀರೆ, ಒಣಗಿದ ತಲೆ. ಸ್ಟೆಲ್ಲಾ ಮಿಸ್ ಸೀಟಿ ಊದಿದರು. ನಾನು ಕಣ್ಣು ಮುಚ್ಚಿ ಇಳಿದೆ, ನೀರು ಕುಡಿದೆ, ಅತ್ತೆ ಮಾಡೋದನ್ನು ಅಷ್ಟು ದಿನ ನೋಡಿದ್ದೆನಲ್ಲ, ಹಾಗೇ ಕೈಕಾಲು ಬಡಿಯುತ್ತಾ ಹೇಗೋ ಗ್ಯಾಲರಿ ಕಡೆಯ ದಡಕ್ಕೆ ಬಂದು ಅಂಚು ಹಿಡಿದುಕೊಂಡೆ. ಎಲ್ಲರೂ ಚಪ್ಪಾಳೆ. ತಲೆ ಎತ್ತಿದರೆ ನನ್ನ ಮುಖದ ನೇರಕ್ಕೆ ಅತ್ತೆಯ ಪಾದಗಳು. ಸೀರೆಯ ಅಂಚಿನ ಕೆಳಗೆ, ಚಪ್ಪಲಿ ಬಿಟ್ಟ ಎರಡು ಪಾದಗಳು ಸಿಮೆಂಟಿನ ಮೇಲೆ ಒಂದಾದ ಮೇಲೊಂದು ಮೆಲ್ಲಗೆ ಬಡಿಯುತ್ತಿದ್ದವು, ನಾನು ನಿಲ್ಲಿಸಿದ ಮೇಲೂ. ಅವಳಿಗೆ ಅದು ಗೊತ್ತೇ ಇರಲಿಲ್ಲ. ಅಪ್ಪ ನೋಡಿದ. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದ. ಆಮೇಲೆ ಅವಳ ಕಡೆ ಬಾಗಿ, ತುಂಬ ಪ್ರೀತಿಯಿಂದ, "ಕಾಲು ಆಡಿಸಬೇಡ ಅಕ್ಕ, ಜನ ನೋಡ್ತಾರೆ" ಅಂದ.

ಅತ್ತೆ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು.